ಅಮ್ಮನ ಊರು ಮೈಸೂರು, ಅಪ್ಪನ ಊರು ಮ್ಯಾಂಚೆಸ್ಟರ್

ಮಕ್ಕಳ ಮನಸ್ಸು: ಪ್ರಶ್ನೋತ್ತರ

ಇತ್ತೀಚೆಗೆ ಬಂದ ಪತ್ರಗಳಲ್ಲಿ ಹಲವು ಒಂದೇ ಬಗೆಯ ಕಳವಳದವು. ತಂದೆ ತಾಯಿಯರಲ್ಲಿ ಒಬ್ಬರು ಕನ್ನಡದವರು, ಇನ್ನೊಬ್ಬರು ಯುರೋಪಿನವರೋ ಅಮೆರಿಕದವರೋ ಆಸ್ಟ್ರೇಲಿಯಾದವರೋ ಆಗಿರುವ ಮನೆಗಳಿಂದ ಬಂದವು. ಈ ಬಾರಿಯ ಪುಟ ಅವರಿಗೇ ಮೀಸಲು. ಬರೆದವರ ಗುರುತು ಸಿಗದಂತೆ ಕೆಲವು ವಿವರಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ನಾನು ಮೈಸೂರಿನವಳು, ನನ್ನ ಪತಿ ಮ್ಯಾಂಚೆಸ್ಟರಿನವರು. ಮಗಳಿಗೆ ಹತ್ತು ತಿಂಗಳು. ಹುಟ್ಟಿದಾಗಿನಿಂದಲೂ ಅವಳ ಸೊಂಟದ ಕೆಳಗೆ ಅಂಗೈ ಅಗಲದ ನೀಲಿ ಕಲೆಯಿದೆ. ಮೊನ್ನೆ ಶಿಶುವಿಹಾರದವರು ಅದನ್ನು ನೋಡಿ "ಪೆಟ್ಟು ಬಿದ್ದಿದೆಯೇ?" ಎಂದು ಕೇಳಿದರು. ಅಂದಿನಿಂದ ನನಗೆ ನಿದ್ದೆಯಿಲ್ಲ. ಮಗಳು ಅಪ್ಪನ ಬಣ್ಣ, ನಾನು ಕಪ್ಪು. ಪಾರ್ಕಿನಲ್ಲಿ ನನ್ನನ್ನು ಮಗು ನೋಡಿಕೊಳ್ಳುವ ಕೆಲಸದವಳು ಎಂದುಕೊಂಡವರೂ ಇದ್ದಾರೆ. ನಾಳೆ ಅವಳೇ "ನೀನು ಯಾಕೆ ನನ್ನ ಹಾಗಿಲ್ಲ?" ಎಂದರೆ ಏನು ಹೇಳಲಿ?

ಉತ್ತರ: ಪರದೇಶದಲ್ಲಿ, ಹಸುಗೂಸನ್ನು ಎತ್ತಿಕೊಂಡಿರುವಾಗ "ಇದು ಪೆಟ್ಟೇ?" ಎಂಬ ಪ್ರಶ್ನೆ ಬಂದರೆ ಯಾವ ತಾಯಿಗೂ ಎದೆ ಝಲ್ಲೆನ್ನುತ್ತದೆ. ನಿಮ್ಮ ಹೆದರಿಕೆ ಸಹಜ. ಆದರೆ ನೀವು ವರ್ಣಿಸಿರುವ ಕಲೆ ರೋಗವಲ್ಲ, ಗಾಯವಲ್ಲ, ನಿಮ್ಮ ಆರೈಕೆಯ ಕೊರತೆಯೂ ಅಲ್ಲ ಎಂದೇ ತೋರುತ್ತದೆ. ಇದು ಏಷ್ಯಾ ಮತ್ತು ಆಫ್ರಿಕಾ ಮೂಲದ ಶಿಶುಗಳಲ್ಲಿ ಬಹಳ ಸಾಮಾನ್ಯವಾಗಿ ಕಾಣುವ ಹುಟ್ಟುಗುರುತು. ತಂದೆ ತಾಯಿಯರಲ್ಲಿ ಒಬ್ಬರು ಮಾತ್ರ ಏಷ್ಯಾದವರಾದರೂ ಬರುತ್ತದೆ.

ಗರ್ಭದಲ್ಲಿ ಮಗು ಬೆಳೆಯುವಾಗ ಮೆಲನಿನ್ (ಚರ್ಮಕ್ಕೆ ಬಣ್ಣ ಕೊಡುವ ವಸ್ತು) ತಯಾರಿಸುವ ಕೋಶಗಳು ಒಳಗಿನಿಂದ ಚರ್ಮದ ಮೇಲ್ಪದರದ ಕಡೆಗೆ ಸರಿಯುತ್ತವೆ. ಕೆಲವು ಕೋಶಗಳು ಒಳಪದರದಲ್ಲೇ ಉಳಿದುಬಿಡುತ್ತವೆ. ಆಳದಲ್ಲಿರುವುದರಿಂದ ಅವು ಹೊರಗೆ ನೀಲಿಯಾಗಿ ಕಾಣುತ್ತವೆ. ಸಾಮಾನ್ಯವಾಗಿ ಮಗು ಶಾಲೆಗೆ ಹೋಗುವ ವಯಸ್ಸಿಗೆ ಕಲೆ ಮಾಸುತ್ತದೆ. ಔಷಧಿ ಬೇಕಿಲ್ಲ.

ನಮ್ಮೂರಿನ ಅಜ್ಜಿಯರಿಗೆ ಇದು ಗೊತ್ತಿರುವ ವಿಷಯ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಬಿಳಿಯ ಮಕ್ಕಳನ್ನೇ ಹೆಚ್ಚಾಗಿ ನೋಡಿರುವ ಕಡೆ ಮಾತ್ರ ಇದನ್ನು ಪೆಟ್ಟಿನ ಗುರುತೆಂದು ತಿಳಿಯುವ ಸಾಧ್ಯತೆಯಿದೆ. ಆದ್ದರಿಂದ ನಿಮ್ಮ ಹೆಲ್ತ್ ವಿಸಿಟರ್ (ಹೆರಿಗೆಯ ನಂತರ ಮಗುವಿನ ಬೆಳವಣಿಗೆ ನೋಡುವ ದಾದಿ) ಅಥವಾ ವೈದ್ಯರಿಗೆ ಕಲೆಯನ್ನು ತೋರಿಸಿ. ಬ್ರಿಟನ್ನಿನಲ್ಲಿ ಪ್ರತಿ ಮಗುವಿಗೂ ಕೊಡುವ ಕೆಂಪು ರಟ್ಟಿನ ಆರೋಗ್ಯ ಪುಸ್ತಕದಲ್ಲಿ ಅದು ಎಲ್ಲಿದೆ, ಎಷ್ಟು ದೊಡ್ಡದಿದೆ ಎಂದು ಬರೆಸಿ. ಶಿಶುವಿಹಾರಕ್ಕೆ ಅದರ ನಕಲು ಕೊಡಿ. ಪೆಟ್ಟಾಗಿದ್ದರೆ ಮುಟ್ಟಿದಾಗ ನೋಯುತ್ತದೆ, ಕೆಲವೇ ದಿನಗಳಲ್ಲಿ ಹಸಿರು, ಹಳದಿಗೆ ತಿರುಗಿ ಮಾಯುತ್ತದೆ. ಹುಟ್ಟುಗುರುತು ದಿನದಿಂದ ದಿನಕ್ಕೆ ಬದಲಾಗದು. ಶಿಶುವಿಹಾರದವರು ಕೇಳಿದ್ದು ನಿಮ್ಮನ್ನು ಅವಮಾನಿಸಲೆಂದಲ್ಲ. ಮಕ್ಕಳ ಮೈಮೇಲಿನ ಗುರುತನ್ನು ವಿಚಾರಿಸುವುದು ಅವರ ಕರ್ತವ್ಯ.

ಇನ್ನು ಬಣ್ಣದ ಮಾತು. ಚರ್ಮದ ಬಣ್ಣವನ್ನು ಹಲವಾರು ವಂಶವಾಹಿಗಳು (ತಂದೆ ತಾಯಿಯಿಂದ ಬರುವ ಗುಣಗಳ ಕಣಗಳು) ಸೇರಿ ನಿರ್ಧರಿಸುತ್ತವೆ. ಒಂದೇ ತಾಯಿಯ ಇಬ್ಬರು ಮಕ್ಕಳು ಬೇರೆ ಬೇರೆ ಬಣ್ಣದವರಾಗುವುದು ಅದಕ್ಕೇ. ಮೂರು ನಾಲ್ಕು ವರ್ಷಕ್ಕೆ ಮಕ್ಕಳು ಬಣ್ಣದ ವ್ಯತ್ಯಾಸವನ್ನು ಗಮನಿಸಿ ಬಾಯಿಬಿಟ್ಟು ಕೇಳುತ್ತಾರೆ. ಆಗ ಗಾಬರಿಯಾಗಬೇಡಿ, ಮಾತು ತೇಲಿಸಲೂ ಬೇಡಿ. "ನನ್ನ ಮೈಯಲ್ಲಿ ಬಣ್ಣದ ವಸ್ತು ಜಾಸ್ತಿ, ಅಪ್ಪನಲ್ಲಿ ಕಡಿಮೆ. ನಿನಗೆ ಇಬ್ಬರದೂ ಸ್ವಲ್ಪ ಸ್ವಲ್ಪ ಬಂದಿದೆ" ಎಂದರೆ ಆ ವಯಸ್ಸಿಗೆ ಸಾಕು. ಪಾರ್ಕಿನಲ್ಲಿ ಯಾರಾದರೂ ತಪ್ಪು ತಿಳಿದರೆ ಶಾಂತವಾಗಿ "ನಾನು ಇವಳ ಅಮ್ಮ" ಎನ್ನಿ. ಮಗಳು ಅದನ್ನು ಕೇಳಿಸಿಕೊಂಡೇ ಬೆಳೆಯಲಿ.

ಒಂದು ಮಾತನ್ನು ಮಾತ್ರ ಕಟ್ಟುನಿಟ್ಟಾಗಿ ಹೇಳುತ್ತೇನೆ. ಮೈಸೂರಿಗೆ ಹೋದಾಗ ನೆಂಟರು "ಸದ್ಯ, ಅಪ್ಪನ ಬಣ್ಣ ಬಂತು, ಪುಣ್ಯವಂತೆ" ಎನ್ನುತ್ತಾರೆ. ಪ್ರೀತಿಯಿಂದಲೇ ಅನ್ನುತ್ತಾರೆ. ಆದರೆ ಆ ಮಾತು ಮಗುವಿಗೆ ಅಮ್ಮನ ಮೈಬಣ್ಣ ಕೀಳು ಎಂದು ಕಲಿಸುತ್ತದೆ. ಪಕ್ಕದಲ್ಲಿ ಕೂತ ಕಪ್ಪು ಬಣ್ಣದ ಅತ್ತೆಯ ಮಗಳಿಗೂ ಅದನ್ನೇ ಕಲಿಸುತ್ತದೆ. ಹಿರಿಯರಾದರೂ ಸರಿ, ವಿನಯದಿಂದ ಅಲ್ಲೇ ತಡೆಯಿರಿ.

ಕೊನೆಗೊಂದು ಸಣ್ಣ ವಿಷಯ. ಮಗಳ ಅಡ್ಡಹೆಸರು ನಿಮ್ಮದಕ್ಕಿಂತ ಬೇರೆಯಾಗಿದ್ದರೆ, ನೀವಿಬ್ಬರೇ ಪ್ರಯಾಣ ಮಾಡುವಾಗ ಅವಳ ಜನನ ಪ್ರಮಾಣಪತ್ರದ ನಕಲು ಮತ್ತು ಪತಿಯ ಒಪ್ಪಿಗೆ ಪತ್ರ ಕೈಚೀಲದಲ್ಲಿರಲಿ. ವಿಮಾನ ನಿಲ್ದಾಣದಲ್ಲಿ ಸಂಬಂಧ ವಿಚಾರಿಸಿದರೆ ಕಣ್ಣೀರಿಗಿಂತ ಕಾಗದ ಬೇಗ ಉತ್ತರ ಕೊಡುತ್ತದೆ.

ಪ್ರಶ್ನೆ: ನಾನು ಹಾಸನದ ಕಡೆಯ ಅಜ್ಜಿ. ಮಗ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದಾನೆ, ಸೊಸೆ ಅಲ್ಲಿಯವಳೇ. ಮೊಮ್ಮಗನಿಗೆ ನಾಲ್ಕು ವರ್ಷ. ಮನೆಯಲ್ಲಿ ಜರ್ಮನ್, ಇಂಗ್ಲಿಷ್, ಕನ್ನಡ ಮೂರೂ ಓಡಾಡುತ್ತವೆ. ವಿಡಿಯೋ ಕಾಲ್‌ನಲ್ಲಿ "ಕನ್ನಡದಲ್ಲಿ ಹೇಳು ಕಂದಾ" ಎಂದರೆ ಓಡಿಹೋಗುತ್ತಾನೆ. ಮಾತಾಡಿದರೂ "ಅಜ್ಜಿ, ವಾಸರ್ ಬೇಕು" ಅಂತ ಕಲಸಿ ಆಡುತ್ತಾನೆ. ಮೂರು ಭಾಷೆಯಾದರೆ ಮಗುವಿನ ಬುದ್ಧಿ ಗೊಂದಲವಾಗುತ್ತದೆ, ಕನ್ನಡ ಬಿಟ್ಟುಬಿಡಿ ಎಂದು ಯಾರೋ ಹೇಳಿದರಂತೆ. ನಿಜವೇ? ನನ್ನ ಮೊಮ್ಮಗನ ಜೊತೆ ನಾನು ಮಾತಾಡುವುದೇ ಬೇಡವೇ?

ಉತ್ತರ: ಅಮ್ಮಾ, ಖಂಡಿತ ಮಾತಾಡಿ. ಕನ್ನಡದಿಂದ ಮೊಮ್ಮಗನಿಗೆ ಯಾವ ಕೆಡುಕೂ ಇಲ್ಲ. ಒಂದಕ್ಕಿಂತ ಹೆಚ್ಚು ಭಾಷೆ ಕೇಳಿ ಬೆಳೆಯುವುದರಿಂದ ಮಾತು ತಡವಾಗುವ ಕಾಯಿಲೆಯೂ ಬರುವುದಿಲ್ಲ, ಉಗ್ಗೂ ಬರುವುದಿಲ್ಲ. ನಮ್ಮಲ್ಲೇ ಮಂಗಳೂರಿನ ಎಷ್ಟೋ ಮಕ್ಕಳು ತುಳು, ಕೊಂಕಣಿ, ಕನ್ನಡವನ್ನು ಒಟ್ಟೊಟ್ಟಿಗೆ ಕಲಿತು ದೊಡ್ಡವರಾಗಿಲ್ಲವೇ?

"ವಾಸರ್ ಬೇಕು" ಎಂಬ ಮಾತನ್ನು ಸ್ವಲ್ಪ ಗಮನಿಸಿ. ನೀರು ಎಂಬ ಪದ ಆ ಕ್ಷಣಕ್ಕೆ ಸಿಗಲಿಲ್ಲ, ಜರ್ಮನ್ ಪದ ಕೈಗೆ ಸಿಕ್ಕಿತು. ಆದರೆ ವಾಕ್ಯ ಕಟ್ಟಿದ್ದು ಕನ್ನಡದ ರೀತಿಯಲ್ಲಿ. ಬೇಕಾದ ವಸ್ತು ಮೊದಲು ಬಂತು, "ಬೇಕು" ಕೊನೆಯಲ್ಲಿ, ತನ್ನ ಜಾಗದಲ್ಲೇ ಬಂತು. ಅವನೊಳಗೆ ಕನ್ನಡ ಕೆಲಸ ಮಾಡುತ್ತಿದೆ. ಪದಗಳು ತುಂಬಿಕೊಳ್ಳಲು ಸಮಯ ಬೇಕು, ಅಷ್ಟೆ. ನೀವು ತಿದ್ದಬೇಡಿ. "ನೀರು ಬೇಕಾ ಕಂದ? ಅಪ್ಪನ ಹತ್ತಿರ ನೀರು ಕೇಳು" ಎಂದುಬಿಡಿ. ಅವನ ಕಿವಿಗೆ ಪದ ಬಿತ್ತು, ಮುಖಕ್ಕೆ ಅವಮಾನ ಆಗಲಿಲ್ಲ.

ಇಂಥ ಮನೆಗಳಿಗೆ ಒಂದು ಹಳೆಯ ಪದ್ಧತಿಯಿದೆ. ಫ್ರಾನ್ಸಿನ ಭಾಷಾವಿದ್ವಾಂಸ ಜೂಲ್ ರೋಂಜಾ ಅವರ ಪತ್ನಿ ಜರ್ಮನ್ ಭಾಷೆಯವರು. ಮಗ ಲೂಯಿ ಹುಟ್ಟಿದಾಗ, ಅವರ ಗುರುಸಮಾನರಾದ ಮೋರಿಸ್ ಗ್ರಾಮೋಂ ಒಂದು ಸಲಹೆ ಕೊಟ್ಟರು: ಅಪ್ಪ ಒಂದೇ ಭಾಷೆಯಲ್ಲಿ, ಅಮ್ಮ ಇನ್ನೊಂದೇ ಭಾಷೆಯಲ್ಲಿ ಮಾತಾಡಿಸಿ, ಬೆರೆಸಬೇಡಿ. ರೋಂಜಾ ಹಾಗೆಯೇ ನಡೆದುಕೊಂಡು, ಮಗ ಎರಡೂ ಭಾಷೆಯಲ್ಲಿ ಚೆನ್ನಾಗಿ ಬೆಳೆದದ್ದನ್ನು 1913ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ನಿಮ್ಮ ಮಗ ಮನೆಯಲ್ಲಿ ಮಗುವಿನ ಜೊತೆ ಕನ್ನಡವನ್ನೇ ಆಡಲಿ. ಈ ಪದ್ಧತಿಯನ್ನು ಅಕ್ಷರಶಃ ಪಾಲಿಸಬೇಕೆಂದೇನಿಲ್ಲ. ಆದರೆ ದಿನಕ್ಕೆ ಒಂದಿಷ್ಟು ಹೊತ್ತು, ಸ್ನಾನವೋ ಊಟವೋ, ಕನ್ನಡದಲ್ಲೇ ನಡೆಯಲಿ. ಸಂಜೆ ತಡವಾಗಿ ಬರುವ ಅಪ್ಪಂದಿರ ಭಾಷೆಯೇ ಮೊದಲು ಕಳೆದುಹೋಗುವುದನ್ನು ನಾನು ಬಹಳ ಮನೆಗಳಲ್ಲಿ ಕಂಡಿದ್ದೇನೆ.

ನಿಮ್ಮ ಪಾಲಿನ ಕೆಲಸ ಹೇಳುತ್ತೇನೆ. "ಕನ್ನಡದಲ್ಲಿ ಹೇಳು" ಎನ್ನುವುದನ್ನು ನಿಲ್ಲಿಸಿ. ಅದು ಮಗುವಿಗೆ ಪರೀಕ್ಷೆ, ಅವನು ಓಡುವುದು ಪರೀಕ್ಷೆಯಿಂದ, ನಿಮ್ಮಿಂದಲ್ಲ. ಅದರ ಬದಲು ಫೋನು ಹಿಡಿದು ಕೊಟ್ಟಿಗೆಗೆ ಹೋಗಿ, ಕರುವಿಗೆ ಅವನ ಕಣ್ಣೆದುರೇ ಹುಲ್ಲು ಹಾಕಿ. ರೊಟ್ಟಿ ತಟ್ಟಿ ತೋರಿಸಿ. "ನನ್ನ ಕನ್ನಡಕ ಎಲ್ಲಿ ಬಿಟ್ಟೆ, ಹುಡುಕು" ಎನ್ನಿ. ಐದು ನಿಮಿಷ ಸಾಕು, ಅವನು ಇನ್ನೂ ಬೇಕು ಎನ್ನುವಾಗಲೇ ನಿಲ್ಲಿಸಿ. ಬೇಸಿಗೆಯಲ್ಲಿ ಅವರಲ್ಲಿ ಬೆಳಿಗ್ಗೆ ಎಂಟೂವರೆಯಾದಾಗ ನಮಗೆ ಮಧ್ಯಾಹ್ನ ಹನ್ನೆರಡು. ಶನಿವಾರದ ಆ ಹೊತ್ತು ಮಗು ಚುರುಕಾಗಿರುತ್ತದೆ. ಸೊಸೆಯ ತಾಯಿಯನ್ನು ಅವನು "ಓಮಾ" ಎನ್ನುತ್ತಾನಲ್ಲವೇ? ಆ ಅಜ್ಜಿಯ ಬಗ್ಗೆ ನೀವೇ ಪ್ರೀತಿಯಿಂದ ವಿಚಾರಿಸಿ. ಇಬ್ಬರು ಅಜ್ಜಿಯರಲ್ಲಿ ಪೈಪೋಟಿ ಇಲ್ಲವೆಂದು ತಿಳಿದ ಮಗು ಇಬ್ಬರ ಹತ್ತಿರವೂ ಬರುತ್ತದೆ. ಆದರೆ, ಒಂದು ತಿಂಗಳ ರಜೆಗೆ ಅವನನ್ನು ಊರಿಗೆ ಕರೆಸಿ, ಓರಗೆಯ ಮಕ್ಕಳ ಜೊತೆ ಅಂಗಳಕ್ಕೆ ಬಿಡುವುದರ ಮುಂದೆ ಇವೆಲ್ಲ ಕಡಿಮೆಯೇ.

ಒಂದು ಎಚ್ಚರಿಕೆ, ಈ ಪುಟ ಓದುವ ಬೇರೆ ತಂದೆ ತಾಯಿಯರಿಗೂ. ಎರಡು ವರ್ಷ ತುಂಬಿದ ಮಗು ಯಾವ ಭಾಷೆಯಲ್ಲೂ ಎರಡು ಪದ ಸೇರಿಸಿ ಹೇಳದಿದ್ದರೆ, ಹೆಸರು ಕರೆದರೆ ತಿರುಗದಿದ್ದರೆ, ಕಲಿತ ಮಾತನ್ನು ಮರೆಯುತ್ತಿದ್ದರೆ ಭಾಷೆಗಳ ಮೇಲೆ ತಪ್ಪು ಹೊರಿಸಿ ಕೂರಬೇಡಿ. ಮೊದಲು ಶ್ರವಣ ಪರೀಕ್ಷೆ (ಕಿವಿ ಎಷ್ಟು ಕೇಳುತ್ತದೆ ಎಂಬ ತಪಾಸಣೆ) ಮಾಡಿಸಿ.

ಪ್ರಶ್ನೆ: ನನಗೆ ಹದಿನಾರು. ನ್ಯೂಜೆರ್ಸಿಯಲ್ಲಿದ್ದೇನೆ. ಅಮ್ಮ ಧಾರವಾಡದವರು, ಅಪ್ಪ ಬಿಳಿಯ ಅಮೆರಿಕನ್. ಅಮ್ಮನ ಸಹಾಯದಿಂದ ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಶಾಲೆಯಲ್ಲಿ ಭಾರತೀಯ ಗೆಳತಿಯರು "ನೀನು ನಿಜವಾದ ಇಂಡಿಯನ್ ಅಲ್ಲ" ಅನ್ನುತ್ತಾರೆ. ಉಳಿದವರು "ನಿಜವಾಗಿ ನೀನು ಎಲ್ಲಿಯವಳು?" ಎಂದು ಕೇಳುತ್ತಾರೆ. ಕನ್ನಡ ಕೂಟದ ಹಬ್ಬಕ್ಕೆ ಹೋದರೆ ಒಬ್ಬ ಆಂಟಿ ಅಮ್ಮನಿಗೆ "ದತ್ತು ತಗೊಂಡಿರಾ?" ಅಂದರು. ಧಾರವಾಡದಲ್ಲಿ ನಾನು "ಫಾರಿನ್ ಹುಡುಗಿ". ಕಾಲೇಜಿನ ಅರ್ಜಿಯಲ್ಲಿ ಜನಾಂಗದ ಕಾಲಂ ನೋಡಿ ಅತ್ತುಬಿಟ್ಟೆ. ನನ್ನ ಭಾರತೀಯ ಹೆಸರನ್ನು ಬದಲಿಸಬೇಕು ಅನ್ನಿಸುತ್ತದೆ. ಅಮ್ಮನಿಗೆ ನೋವಾಗುತ್ತದೆ ಅಂತಲೂ ಭಯ.

ಉತ್ತರ: ಅಮ್ಮನ ಜೊತೆ ಕೂತು ಈ ಪತ್ರ ಬರೆದಿದ್ದೀರಿ ಎಂದು ಓದಿ ನನಗೆ ಅರ್ಧ ಸಮಾಧಾನವಾಯಿತು. ಹೇಳಲು ಕಷ್ಟವಾದುದನ್ನು ನೀವು ಆಗಲೇ ಅವರಿಗೆ ಹೇಳಿದ್ದೀರಿ.

ನಿಮ್ಮ ಅಳಲು ಇಷ್ಟು: ಹೋದಲ್ಲೆಲ್ಲ ಯಾರೋ ಒಬ್ಬರು ನಿಮ್ಮನ್ನು ಬಾಗಿಲಲ್ಲಿ ನಿಲ್ಲಿಸಿ ಗುರುತಿನ ಚೀಟಿ ಕೇಳುತ್ತಾರೆ. ಇದು ಸುಸ್ತು ಮಾಡುವ ಸಂಗತಿ. ನೀವು ಅತಿ ಸೂಕ್ಷ್ಮ ಸ್ವಭಾವದವರು ಎಂದು ಯಾರಾದರೂ ಹೇಳಿದ್ದರೆ ಒಪ್ಪಬೇಡಿ. ಹದಿನಾರು ಎಂದರೆ ಎಲ್ಲ ಮಕ್ಕಳೂ "ನಾನು ಯಾರು" ಎಂದು ಹುಡುಕುವ ವಯಸ್ಸು. ನಿಮ್ಮ ಗೆಳತಿಯರು ಆ ಹುಡುಕಾಟವನ್ನು ಒಳಗೊಳಗೇ ಮಾಡಿಕೊಳ್ಳುತ್ತಾರೆ. ನಿಮಗೆ ಅದನ್ನು ಹತ್ತು ಜನರ ಪ್ರಶ್ನೆಗಳ ನಡುವೆ ಮಾಡಬೇಕಾಗಿದೆ.

ಕಾಲಂ ವಿಷಯದಿಂದ ಶುರು ಮಾಡೋಣ. ಹಿಂದೆ ನಿಮ್ಮ ದೇಶದ ಜನಗಣತಿಯಲ್ಲಿ ಒಬ್ಬರಿಗೆ ಒಂದೇ ಜನಾಂಗ ಎಂಬ ನಿಯಮವಿತ್ತು. ನಿಮ್ಮಂಥವರು ಅಪ್ಪನನ್ನೋ ಅಮ್ಮನನ್ನೋ ಬಿಟ್ಟು ಗುರುತು ಹಾಕಬೇಕಿತ್ತು. 2000ದ ಗಣತಿಯಲ್ಲಿ ಮೊದಲ ಬಾರಿಗೆ ಒಂದಕ್ಕಿಂತ ಹೆಚ್ಚು ಗುರುತು ಹಾಕಲು ಅವಕಾಶ ಬಂತು. 2020ರ ಗಣತಿಯಲ್ಲಿ ಹಾಗೆ ಗುರುತಿಸಿಕೊಂಡವರು ಸುಮಾರು 3.38 ಕೋಟಿ ಜನ. ಅದಕ್ಕೂ ಹಿಂದಿನದು ಹೇಳುವುದಾದರೆ, ಬಿಳಿಯರು ಬೇರೆ ಜನಾಂಗದವರನ್ನು ಮದುವೆಯಾಗುವುದು ಅಪರಾಧ ಎನ್ನುವ ಕಾನೂನುಗಳು ಕೆಲವು ರಾಜ್ಯಗಳಲ್ಲಿ 1967ರವರೆಗೂ ಇದ್ದವು. ಲವಿಂಗ್ ಎಂಬ ದಂಪತಿ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಅವನ್ನು ರದ್ದು ಮಾಡಿತು. ನಿಮ್ಮ ಅರ್ಜಿಯಲ್ಲೂ ಎರಡು ಕಡೆ ಗುರುತು ಹಾಕಲು ಅವಕಾಶವಿರುತ್ತದೆ. ಎರಡನ್ನೂ ಹಾಕಿ. ಅದೇ ಸತ್ಯವಾದ ಉತ್ತರ.

ಮರಿಯಾ ರೂಟ್ ಎಂಬ ಮನಶ್ಶಾಸ್ತ್ರಜ್ಞೆ ಮನಿಲಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದವರು, ಸ್ವತಃ ಮಿಶ್ರ ಮೂಲದವರು. ನಿಮ್ಮಂಥವರ ಹಕ್ಕುಗಳು ಇವು ಎಂದು ಅವರು ತೊಂಬತ್ತರ ದಶಕದಲ್ಲಿ ಒಂದು ಪಟ್ಟಿ ಮಾಡಿದರು. ಅದರ ತಾತ್ಪರ್ಯವನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ನೀವು ಇಲ್ಲಿರುವುದಕ್ಕೆ ಯಾರಿಗೂ ಸಮಜಾಯಿಷಿ ಕೊಡಬೇಕಾಗಿಲ್ಲ. ಅಪ್ಪ ಅಮ್ಮ ಎಣಿಸಿದ್ದಕ್ಕಿಂತ ಬೇರೆ ರೀತಿಯಲ್ಲಿ ನೀವು ನಿಮ್ಮನ್ನು ಗುರುತಿಸಿಕೊಳ್ಳಬಹುದು, ಬೇರೆ ಬೇರೆ ಸಂದರ್ಭದಲ್ಲಿ ಬೇರೆಯಾಗಿಯೂ ಗುರುತಿಸಿಕೊಳ್ಳಬಹುದು, ಮುಂದೆ ಅದನ್ನು ಬದಲಿಸಲೂಬಹುದು. ನ್ಯೂಜೆರ್ಸಿಯಲ್ಲಿ ನಿಮಗೆ ಭಾರತೀಯಳೆನಿಸಿ, ಧಾರವಾಡದಲ್ಲಿ ಅಮೆರಿಕದವಳೆನಿಸಿದರೆ ಅದು ಢೋಂಗಲ್ಲ.

ಹೆಸರಿನ ಬಗ್ಗೆ ಅವಸರ ಬೇಡ, ಅಪರಾಧಿ ಭಾವವೂ ಬೇಡ. ಗಾಯಕಿ ನೋರಾ ಜೋನ್ಸ್ ಅವರ ತಂದೆ ಸಿತಾರ್ ವಾದಕ ಪಂಡಿತ್ ರವಿಶಂಕರ್, ತಾಯಿ ಅಮೆರಿಕದವರು. ಹುಟ್ಟಿದಾಗ ಇಟ್ಟ ಹೆಸರಿನಲ್ಲಿ ಗೀತಾಲಿಯೂ ಇತ್ತು, ಶಂಕರ್ ಕೂಡ ಇತ್ತು. ನಿಮ್ಮದೇ ವಯಸ್ಸಿನಲ್ಲಿ ಅವರು ಅದನ್ನು ನೋರಾ ಜೋನ್ಸ್ ಎಂದು ಬದಲಿಸಿಕೊಂಡರು. ತಂದೆ ತೀರಿಕೊಂಡ ಮರುವರ್ಷ, 2013ರಲ್ಲಿ, ಮಲಸಹೋದರಿ ಅನೌಷ್ಕಾ ಶಂಕರ್ ಅವರ ಆಲ್ಬಂನಲ್ಲಿ ಅವರೇ ಹಾಡಿದರು. ಹೆಸರು ಬಿಟ್ಟದ್ದು ಸಂಬಂಧಕ್ಕೆ ಅಡ್ಡ ಬರಲಿಲ್ಲ. ನನ್ನ ಸಲಹೆ ಕೇಳುವುದಾದರೆ, ಒಂದು ವರ್ಷ ಕಾಯಿರಿ. ಅಷ್ಟರಲ್ಲಿ ಆ ಹೆಸರನ್ನು ಯಾರು, ಯಾಕೆ ಇಟ್ಟರೆಂದು ಅಜ್ಜಿಯನ್ನು ಕೇಳಿ. ಜನ ಅದನ್ನು ತಪ್ಪಾಗಿ ಉಚ್ಚರಿಸುವುದೇ ಕಷ್ಟವಾಗಿದ್ದರೆ, ಸರಿಯಾಗಿ ಹೇಳಿಕೊಡಿ. ಎರಡು ಸಲ, ಮೂರು ಸಲ ಹೇಳಿಕೊಡಿ. ಆಮೇಲೂ ಬದಲಿಸಬೇಕೆನಿಸಿದರೆ ಅಮ್ಮನ ಜೊತೆ ಕೂತೇ ಬದಲಿಸಿ.

"ನಿಜವಾಗಿ ಎಲ್ಲಿಯವಳು?" ಎಂಬುದಕ್ಕೆ ಎರಡು ಉತ್ತರ ಸಿದ್ಧವಿರಲಿ. ಗೆಳೆತನದಿಂದ ಕೇಳಿದವರಿಗೆ ಉದ್ದದ್ದು, ಅಜ್ಜಿಯ ಮನೆಯ ಗಿರ್ಮಿಟ್ಟಿನವರೆಗೂ ಹೇಳಿ. ಕೆಣಕಲು ಕೇಳಿದವರಿಗೆ "ನ್ಯೂಜೆರ್ಸಿ", ಅಷ್ಟೇ. ಕನ್ನಡ ಬರುವುದಿಲ್ಲವೆಂಬ ಸಂಕೋಚವಿದ್ದರೆ ಕಲಿಯಲು ಈಗಲೂ ಸಮಯವಿದೆ. ಆದರೆ ಯಾರನ್ನೋ ಒಪ್ಪಿಸಲೆಂದು ಕಲಿಯಬೇಡಿ, ಅಜ್ಜಿಯ ಜೊತೆ ಹರಟೆ ಹೊಡೆಯಲೆಂದು ಕಲಿಯಿರಿ. ನಿಮ್ಮ ಪರಿಸ್ಥಿತಿಯದೇ ಇನ್ನೊಬ್ಬ ಹುಡುಗಿಯೋ ಹುಡುಗನೋ ಸಿಕ್ಕರೆ ಬಿಡಬೇಡಿ. ವಿವರಣೆಯಿಲ್ಲದೆ ಅರ್ಥವಾಗುವ ಒಬ್ಬ ಗೆಳತಿ ನನ್ನ ಹತ್ತು ಸಲಹೆಗಳಿಗೆ ಸಮ.

ಕನ್ನಡ ಕೂಟದ ಹಿರಿಯರಿಗೂ ಇಲ್ಲೇ ಒಂದು ಮನವಿ. ಹಬ್ಬಕ್ಕೆ ಬಂದ ಮಗುವನ್ನು "ಕನ್ನಡ ಬರುತ್ತಾ?" ಎಂದು ಪರೀಕ್ಷಿಸಬೇಡಿ. "ಊಟ ಆಯ್ತಾ ಪುಟ್ಟಿ?" ಎನ್ನಿ. ಆ ಮಗು ಮುಂದಿನ ವರ್ಷವೂ ಬರುತ್ತದೆ.

ಕೊನೆಯದಾಗಿ, ಊಟ ನಿದ್ದೆ ಕೆಟ್ಟರೆ, ಶಾಲೆಗೆ ಹೋಗುವುದೇ ಬೇಡವೆನಿಸಿದರೆ, ಬದುಕು ಬೇಡವೆಂಬ ಯೋಚನೆ ಒಂದು ಸಲ ಸುಳಿದರೂ ಅಮ್ಮ ಅಪ್ಪನಿಗೆ ಅಂದೇ ಹೇಳಿ. ಶಾಲೆಯ ಆಪ್ತಸಮಾಲೋಚಕರಿದ್ದಾರೆ. ಅಮೆರಿಕದಲ್ಲಿ 988 ಸಂಖ್ಯೆಗೆ ಹಗಲಿರುಳು ಯಾವಾಗ ಬೇಕಾದರೂ ಕರೆ ಮಾಡಬಹುದು. ಭಾರತದಲ್ಲಿರುವ ಓದುಗರಿಗೆ ಟೆಲಿ ಮಾನಸ್ ಸಹಾಯವಾಣಿ 14416.

ಪ್ರಶ್ನೆ: ನಾನು ಹುಬ್ಬಳ್ಳಿಯವನು, ಮೆಲ್ಬರ್ನ್‌ನಲ್ಲಿದ್ದೇನೆ. ಪತ್ನಿ ಆಸ್ಟ್ರೇಲಿಯಾದವರು. ಮಗನಿಗೆ ಅಲ್ಲಿಯ ಪಾಸ್‌ಪೋರ್ಟ್ ಮಾತ್ರ ಇದೆ. ಭಾರತದ ನಂಟು ಅಲ್ಲಿಗೆ ಮುಗಿಯಿತು ಎಂದು ಅಪ್ಪ ಬೇಸರ ಮಾಡಿಕೊಂಡಿದ್ದಾರೆ.

ಉತ್ತರ: ಮುಗಿದಿಲ್ಲ ಎಂದು ತಂದೆಯವರಿಗೆ ಹೇಳಿ. ಭಾರತದಲ್ಲಿ ಎರಡು ದೇಶಗಳ ಪೌರತ್ವಕ್ಕೆ ಅವಕಾಶವಿಲ್ಲ, ನಿಜ. ಆದರೆ ಒಸಿಐ (ಸಾಗರೋತ್ತರ ಭಾರತೀಯ ಪೌರ) ಕಾರ್ಡಿಗೆ ನಿಮ್ಮ ಮಗ ಅರ್ಹ. ಅದಿದ್ದರೆ ಜೀವನಪೂರ್ತಿ ವೀಸಾ ಇಲ್ಲದೆ ಬಂದು ಹೋಗಬಹುದು. ಮತದಾನದ ಹಕ್ಕಿಲ್ಲ, ಕೃಷಿ ಜಮೀನು ಕೊಳ್ಳುವಂತಿಲ್ಲ. ಇಪ್ಪತ್ತು ವರ್ಷ ತುಂಬಿದ ಮೇಲೆ ಹೊಸ ಪಾಸ್‌ಪೋರ್ಟ್ ಬಂದಾಗ ಒಮ್ಮೆ ಕಾರ್ಡನ್ನೂ ಹೊಸದು ಮಾಡಿಸಬೇಕು. ಅರ್ಜಿಯ ವಿವರ ನಿಮ್ಮ ಊರಿನ ಭಾರತೀಯ ಕಾನ್ಸುಲೇಟ್‌ನಲ್ಲಿ ಸಿಗುತ್ತದೆ. ತಾತನ ಕಳವಳ ಕಾಗದದ್ದಲ್ಲ, ಮೊಮ್ಮಗ ದೂರವಾಗುತ್ತಾನೆಂಬುದು. ಅದಕ್ಕೆ ಕಾರ್ಡಿನ ಜೊತೆ ಟಿಕೆಟ್ಟೂ ಬೇಕು.

ಪ್ರಶ್ನೆ: ನಾನು ದಾವಣಗೆರೆಯವಳು. ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ, ಫ್ರಾನ್ಸಿನ ಹುಡುಗನನ್ನು ಮದುವೆಯಾಗುತ್ತೇನೆ ಎನ್ನುತ್ತಾಳೆ. ಹುಡುಗ ಒಳ್ಳೆಯವನೇ. ಆದರೆ ಹುಟ್ಟುವ ಮಕ್ಕಳು ಅಲ್ಲಿಗೂ ಸೇರದೆ ಇಲ್ಲಿಗೂ ಸೇರದೆ ಹೋದರೆ? ಇದನ್ನು ಹೇಳಿದ್ದಕ್ಕೆ ಮಗಳು ಎರಡು ವಾರದಿಂದ ಫೋನ್ ಎತ್ತುತ್ತಿಲ್ಲ.

ಉತ್ತರ: ಹುಟ್ಟದ ಮೊಮ್ಮಕ್ಕಳ ಬಗ್ಗೆ ಚಿಂತಿಸುವಷ್ಟು ಪ್ರೀತಿ ನಿಮ್ಮಲ್ಲಿದೆ. ಮಗಳಿಗೆ ಆ ಪ್ರೀತಿ ಕೇಳಿಸಲಿಲ್ಲ, ಬೇಡ ಎನ್ನುವುದು ಮಾತ್ರ ಕೇಳಿಸಿತು.

ನಿಮ್ಮ ಭಯ ಆಧಾರವಿಲ್ಲದ್ದಲ್ಲ. ಇಂಥ ಸಂಸಾರಗಳು ನಮ್ಮ ನಾಡಿಗೆ ಹೊಸವೂ ಅಲ್ಲ. ಆಂಗ್ಲೋ ಇಂಡಿಯನ್ ಸಮುದಾಯ ನಮ್ಮ ನಡುವೆ ತಲೆಮಾರುಗಳಿಂದ ಇದೆ. ಸಂವಿಧಾನದ 366ನೇ ವಿಧಿಯಲ್ಲೇ ಅವರ ವ್ಯಾಖ್ಯೆಯಿದೆ. ಇಂದಿನ ವೈಟ್‌ಫೀಲ್ಡ್ 1882ರಲ್ಲಿ ಅವರಿಗಾಗಿ ಶುರುವಾದ ಊರು, ಜಮೀನು ಕೊಟ್ಟವರು ಮೈಸೂರಿನ ಮಹಾರಾಜರಾದ ಹತ್ತನೆಯ ಚಾಮರಾಜೇಂದ್ರ ಒಡೆಯರು. ಕೋಲಾರದ ಚಿನ್ನದ ಗಣಿಯಲ್ಲೂ ರೈಲ್ವೆಯಲ್ಲೂ ದುಡಿದ ಎಷ್ಟೋ ಮನೆತನಗಳಿವೆ. 1983ರ ವಿಶ್ವಕಪ್‌ನಲ್ಲಿ 18 ವಿಕೆಟ್ ಪಡೆದು ಎಲ್ಲರಿಗಿಂತ ಮುಂದಿದ್ದ ನಮ್ಮ ಬೆಂಗಳೂರಿನ ರೋಜರ್ ಬಿನ್ನಿ ಅದೇ ಸಮುದಾಯದವರು.

ಅವರ ಹಾದಿ ಸುಲಭವಾಗಿರಲಿಲ್ಲ. ಬ್ರಿಟಿಷರು ಕೀಳಾಗಿ ಕಂಡರು, ನಮ್ಮವರು ಪರಕೀಯರೆಂದು ಕಂಡರು. 1947ರ ನಂತರ ಬಹಳ ಕುಟುಂಬಗಳು ಬ್ರಿಟನ್, ಆಸ್ಟ್ರೇಲಿಯಾ, ಕೆನಡಾಗಳಿಗೆ ಹೊರಟುಹೋದವು. ಆ ಮಕ್ಕಳಿಗೆ ನೋವಾದದ್ದು ರಕ್ತ ಬೆರೆತದ್ದರಿಂದ ಅಲ್ಲ, ಎರಡೂ ಕಡೆಯ ದೊಡ್ಡವರು ಬಾಗಿಲು ಮುಚ್ಚಿದ್ದರಿಂದ. ನನ್ನ ಬಳಿ ಬರುವ ಮಕ್ಕಳಲ್ಲೂ ಇದನ್ನೇ ಕಾಣುತ್ತೇನೆ. ಎರಡೂ ಕಡೆಯ ಅಜ್ಜ ಅಜ್ಜಿಯರ ಮನೆಯಲ್ಲಿ ಮಲಗಿ ಎದ್ದ ಮಗುವಿಗೆ "ನಾನು ಎಲ್ಲಿಗೆ ಸೇರಿದವನು" ಎಂಬ ಪ್ರಶ್ನೆ ಬಂದರೂ ಅದು ಬಹಳ ಕಾಲ ಬಾಧಿಸುವುದಿಲ್ಲ. ಒಂದು ಕಡೆಯವರು ಮಾತು ಬಿಟ್ಟಿರುವ ಮನೆಯ ಮಗುವನ್ನು ಅದು ಬಾಧಿಸುತ್ತದೆ. ಹಾಗಾಗಿ ನಿಮ್ಮ ಮೊಮ್ಮಕ್ಕಳು ಇಲ್ಲಿಗೆ ಸೇರುತ್ತಾರೋ ಇಲ್ಲವೋ ಎಂಬುದರಲ್ಲಿ ಅರ್ಧ ಪಾಲು ನಿಮ್ಮ ಕೈಯಲ್ಲೇ ಇದೆ.

ಮದುವೆಗೆ ಮೊದಲು ಮಗಳು ಮತ್ತು ಆ ಹುಡುಗ ಕೂತು ಮಾತಾಡಬೇಕಾದ ವಿಷಯಗಳಿವೆ: ಎಲ್ಲಿ ನೆಲೆಸುವುದು, ಮಕ್ಕಳಿಗೆ ಯಾವ ಹೆಸರು, ಯಾವ ಭಾಷೆ, ಊಟದಲ್ಲಿ ಮಾಂಸ ಇರಬೇಕೋ ಬೇಡವೋ, ಪೂಜೆ ಚರ್ಚು ಹೇಗೆ, ವಯಸ್ಸಾದ ತಂದೆ ತಾಯಿಯರನ್ನು ನೋಡಿಕೊಳ್ಳುವುದು ಹೇಗೆ. ನೀವು ಉತ್ತರ ಕೊಡಬೇಡಿ, ಅವರು ಯೋಚಿಸಿದ್ದಾರೋ ಎಂದು ಕೇಳಿ, ಸಾಕು. ಇಲ್ಲಿ ನೋಂದಣಿ ಮದುವೆಯಾದರೆ 1954ರ ವಿಶೇಷ ವಿವಾಹ ಕಾಯ್ದೆಯಂತೆ 30 ದಿನ ಮೊದಲೇ ನೋಟಿಸು ಕೊಡಬೇಕಾಗುತ್ತದೆ.

ಈಗ ಮಗಳಿಗೆ ಒಂದು ಸಂದೇಶ ಕಳಿಸಿ. ಮದುವೆಯ ಮಾತು ಎತ್ತಬೇಡಿ. "ಹುಡುಗನನ್ನು ಕರೆದುಕೊಂಡು ಭಾನುವಾರ ಊಟಕ್ಕೆ ಬಾ, ಬೆಣ್ಣೆ ದೋಸೆ ಮಾಡುತ್ತೇನೆ" ಎಂದಷ್ಟೇ ಬರೆಯಿರಿ. ಅವರು ಬಂದ ಮೇಲೆ ಏನಾಯಿತೆಂದು ನನಗೆ ದಯವಿಟ್ಟು ತಿಳಿಸಿ.